ಕಣ್ಣು ಬಿಡದ ಕರು

ಬಂಗಾರಪೇಟೆಯ ಕೋದಂಡಪ್ಪನಿಗೆ ಖಾಲಿ ಗೋಡೆ ಕಂಡರೆ ಆಗುವುದಿಲ್ಲ. ಅವನ ಕಲ್ಯಾಣ ಮಂಟಪದ ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆ, ಕಂಬಗಳಿಗೆ ಜರಿ ಕಾಗದ, ಕೈ ತೊಳೆಯುವ ಜಾಗದಲ್ಲೂ ಒಂದು ಜಲಪಾತದ ಪೋಸ್ಟರು. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ದೊಡ್ಡ ಗೋಡೆಯೊಂದು ಮಾತ್ರ ಹೇಗೋ ತಪ್ಪಿಸಿಕೊಂಡು ಉಳಿದಿತ್ತು. ಅದಕ್ಕೆಂದು ಅವನು ಉರಿಗಾಂನ ಪೇಂಟರ್ ಕಾಂತರಾಜನ ಕೈಯಲ್ಲಿ ಕ್ಯಾನ್ವಾಸಿನ ಮೇಲೆ ಆಳೆತ್ತರದ ಆಯಿಲ್ ಪೇಂಟಿಂಗ್ ಬರೆಸಿದ್ದ. ಹಸು, ಕರು, ನವಿಲು, ಹೆಣ್ಣುಮಕ್ಕಳು ಎಲ್ಲ ಇರಬೇಕು, ಬಣ್ಣ ಮಾತ್ರ ರಸ್ತೆಯಲ್ಲಿ ಹೋಗುವವರ ಕಣ್ಣು ಕುಕ್ಕಬೇಕು ಅನ್ನುವುದು ಅವನ ಆರ್ಡರು.

ಆ ಭಾನುವಾರ ಬೆಳಿಗ್ಗೆ ನಾಲ್ಕು ಜನರ ಎದುರು ಚಿತ್ರದ ಮೇಲಿನ ಬೆಡ್‌ಶೀಟ್ ಎಳೆದಾಗ ಕಣ್ಣು ಕುಕ್ಕುವಂಥದ್ದು ಏನೂ ಕಾಣಲಿಲ್ಲ. ಮಂಜು ಕವಿದ ಒಂದು ಬಯಲು. ನೆಲವೆಲ್ಲ ಗೋಧಿ ಬಣ್ಣ, ಮೇಲೆ ಹೋಗುತ್ತ ಹೋಗುತ್ತ ತಿಳಿ ಗುಲಾಬಿ, ಅದರಾಚೆ ಬೂದಿ ಬೆರೆಸಿದಂಥ ನೀಲಿ. ಉರಿಗಾಂನಲ್ಲಿ ಗಣಿಯವರು ಚಿನ್ನ ತೆಗೆದುಕೊಂಡು ಬಿಟ್ಟುಹೋದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ಸಂಜೆ ಬಿಸಿಲಿಗೆ ಇದೇ ಬಣ್ಣಕ್ಕೆ ತಿರುಗುತ್ತವೆ. ಆ ಮಂಜಿನೊಳಗಿಂದ ಒಂದು ಬಿಳಿ ಹಸು ಬರುತ್ತಿತ್ತು. ಅದರ ಮುಂದೆ ಕೊರಳ ಹಗ್ಗ ಸಡಿಲವಾದ ಕರು. ಆರತಿ ತಟ್ಟೆ ಹಿಡಿದ ಪುಟ್ಟ ಹುಡುಗಿಯರು, ತಮಟೆ ಬಗಲಿಗೇರಿಸಿದ ಮುದುಕ, ನಾಲ್ಕೈದು ಮೇಕೆ, ಒಂದು ನಾಯಿ, ಕಾಲ ಬಳಿ ಉರುಳಿ ಬಿದ್ದ ಬೂದುಗುಂಬಳ. ನವಿಲೂ ಇತ್ತು, ಪಾಪ, ಕರೆಯದೆ ಬಂದ ನೆಂಟನ ಹಾಗೆ ದೂರದಲ್ಲಿ. ಎಲ್ಲರೂ ನೋಡುವವರ ಕಡೆಗೇ ಮುಖ ಮಾಡಿದ್ದರು. ಯಾರ ಅಂಚೂ ಗಟ್ಟಿಯಾಗಿರಲಿಲ್ಲ. ಹಸು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಮತ್ತೆ ಎಲ್ಲರ ಕಣ್ಣೂ ಮುಚ್ಚಿತ್ತು.

ಕೋದಂಡಪ್ಪನ ಮುಖ ಗಂಟಿಕ್ಕಿತು. ಬಾಯಿಗೆ ಬಂದದ್ದು ಅನ್ನಬೇಕು ಅನ್ನುವಷ್ಟರಲ್ಲಿ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಅರುಣಕುಮಾರಿ ಮುಂದೆ ಬಂದರು. ಹತ್ತಿರ ಹೋಗಿ ನೋಡಿದರು, ಹಿಂದೆ ಬಂದು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಇದು ನಿದ್ದೆಯಲ್ಲಿ ನಡೆಯೋರ ಮೆರವಣಿಗೆ ಸಾರ್. ಪ್ರಾಣಿಗಳೂ ಕನಸು ಕಾಣ್ತಿವೆ, ಮಕ್ಕಳೂ ಕಾಣ್ತಿದ್ದಾರೆ. ಇಷ್ಟು ಮೆತ್ತಗಿನ ಬಣ್ಣ ಹಾಕೋ ಧೈರ್ಯ ನನಗೆ ಈ ಜನ್ಮದಲ್ಲಿ ಬರಲ್ಲ. ನೋಡ್ತಾ ನಿಂತರೆ ಮಾತಾಡೋಕೆ ಮನಸ್ಸಾಗಲ್ಲ" ಅಂದರು.

"ಅದನ್ನೇ ನಾನು ಇವನಿಗೆ ಹೇಳಿದ್ದು. ಕನಸಿನ ಥರ ಬರೀಪ್ಪಾ ಅಂತ" ಎಂದು ಕೋದಂಡಪ್ಪ ಸುತ್ತಲೂ ನೋಡಿದ. ಆಮೇಲೆ ಎಲ್ಲರೂ ಹೊಗಳಿದರು. ಒಬ್ಬರು ಹೊಗಳಿದ ಮೇಲೆ ಉಳಿದವರಿಗೆ ಅದು ಕಷ್ಟದ ಕೆಲಸವೇನಲ್ಲ.

ಹಿಂದೆ, ಹೆಂಗಸರ ಸಾಲಿನಲ್ಲಿ, ಕಾಂತರಾಜನ ಹೆಂಡತಿ ಇಂದ್ರಾಣಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅವಳೂ ಆ ಚಿತ್ರವನ್ನು ನೋಡುತ್ತಿದ್ದದ್ದು ಅದೇ ಮೊದಲು. ಕಾಫಿ ಆರಿ ಕೆನೆ ಕಟ್ಟಿದರೂ ಬಾಯಿಗಿಡಲಿಲ್ಲ.

ಇದಕ್ಕೆ ಕಾರಣ ತಿಳಿಯಬೇಕಾದರೆ ಕಾಂತರಾಜನ ಕೆಲಸದ ರೀತಿ ಗೊತ್ತಿರಬೇಕು. ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆದುಕೊಂಡಿದ್ದವನು ಅವನು. ಫ್ಲೆಕ್ಸ್ ಬಂದು ಆ ಕೆಲಸ ನುಂಗಿದ ಮೇಲೂ ಸುತ್ತಲಿನ ಹಳ್ಳಿಗಳ ಗ್ರಾಮದೇವತೆಯರು ಅವನನ್ನು ಬಿಟ್ಟಿರಲಿಲ್ಲ. ಹೊಸ ಮೂರ್ತಿ ಮಾಡಿದಾಗ ಮೈಯ ಬಣ್ಣ ಯಾರು ಬೇಕಾದರೂ ಬಳಿಯಬಹುದು, ಕಣ್ಣಿನ ಪಾಪೆ ಬರೆದು ಕಣ್ಣು ಬಿಡಿಸಲು ಮಾತ್ರ ಅವನೇ ಬೇಕು. ಪರದೆ ಎಳೆದು, ಒಳಗೆ ಮಾತಾಡದೆ, ಕನ್ನಡಿಯಲ್ಲಿ ನೋಡಿಕೊಂಡು ಪಾಪೆ ಇಡಬೇಕು. ದೇವಿಯ ಮೊದಲ ನೋಟ ಬೆಂಕಿಯಂಥದ್ದು, ಅದು ಮನುಷ್ಯರ ಮೇಲೆ ಬೀಳಬಾರದು ಅಂತ. ಮೊದಲು ಕನ್ನಡಿ, ಆಮೇಲೆ ಪರದೆ ಸರಿಸಿದಾಗ ಎದುರಿಗೆ ನಿಲ್ಲಿಸಿದ ಹಸು-ಕರು, ಹೆಣ್ಣುಮಕ್ಕಳು, ಕುಂಬಳಕಾಯಿ. ಆ ಕನ್ನಡಿಯನ್ನು ಮದುವೆಯಾದಾಗಿನಿಂದ ಹಿಡಿಯುತ್ತ ಬಂದವಳು ಇಂದ್ರಾಣಿ.

ಈ ಪದ್ಧತಿ ಕಾಂತರಾಜನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮಟನ್ ಅಂಗಡಿ ಬೋರ್ಡಿನ ಮೇಕೆಗೂ ಕೊನೆಗೇ ಕಣ್ಣು. ಕಣ್ಣು ಬಿಡಿಸುವವರೆಗೆ ಹೆಂಡತಿಯಾದರೂ ಸರಿ, ಯಾರೂ ನೋಡಕೂಡದು. ಕಣ್ಣು ಬಿಡಿಸದೆ ಒಂದು ಇರುವೆಯನ್ನೂ ಅವನು ಮನೆಯಿಂದಾಚೆ ಕಳಿಸಿದವನಲ್ಲ. ಹಾಗಾಗಿ ಈ ಚಿತ್ರ ಬರೆಯುವಾಗ ಅವನು ತಿಂಗಳುಗಟ್ಟಲೆ ಶೆಡ್ಡಿನ ಬಾಗಿಲು ಹಾಕಿಕೊಂಡಿದ್ದರೆ ಇಂದ್ರಾಣಿಗೆ ಏನೂ ಅನ್ನಿಸಿರಲಿಲ್ಲ. ಊಟದ ತಟ್ಟೆ ಹೊಸ್ತಿಲಲ್ಲಿಟ್ಟು ಬಾಗಿಲು ತಟ್ಟಿ ಬರುತ್ತಿದ್ದಳು, ಅಷ್ಟೆ.

ಈಗ ಕಾಫಿ ಲೋಟ ಕೆಳಗಿಟ್ಟು ಚಿತ್ರದ ಹತ್ತಿರ ಹೋದಳು. ದೂರದಿಂದ ಮುಚ್ಚಿದ ರೆಪ್ಪೆಗಳಂತೆ ಕಂಡದ್ದು ಬರೀ ತಿಳಿ ನೆರಳು. ರೆಪ್ಪೆಯ ಗೆರೆಯೇ ಇರಲಿಲ್ಲ. ಯಾರೂ ಮಲಗಿರಲಿಲ್ಲ. ಯಾರಿಗೂ ಕಣ್ಣೇ ಬರೆದಿರಲಿಲ್ಲ.

ಇನ್ನೊಂದನ್ನೂ ಅವಳು ಕಂಡಳು. ಆ ಹಸು, ಆ ಹುಡುಗಿಯರು, ಆ ಕುಂಬಳಕಾಯಿ ಎಲ್ಲರೂ ಪರದೆ ಸರಿದಾಗ ದೇವಿಯ ಎದುರು ನಿಲ್ಲುವವರು. ತುದಿಯ ಹುಡುಗಿಯ ಮುಂದಿನ ಹಲ್ಲು ಬಿದ್ದಿತ್ತು. ಬೂದಿಕೋಟೆ ದಾರಿಯ ಒಂದು ಊರಲ್ಲಿ ಅವಳನ್ನು ಇಂದ್ರಾಣಿ ನೋಡಿದ್ದಳು. ಮೂರ್ತಿಯ ಪಕ್ಕ ನಿಂತು ಕಾಂತರಾಜ ಪ್ರತಿ ಸಲ ಕಾಣುತ್ತಿದ್ದದ್ದು ಈ ಮುಖಗಳನ್ನೇ. ಚಿತ್ರ ನೋಡುವವರು ದೇವಿಯ ಜಾಗದಲ್ಲಿ ನಿಂತ ಹಾಗಾಗುತ್ತಿತ್ತು. ಅದು ಚೆನ್ನಾಗಿತ್ತು. ಅವನು ಇದುವರೆಗೆ ಬರೆದ ಎಲ್ಲಕ್ಕಿಂತ ಚೆನ್ನಾಗಿತ್ತು. ಅದೇ ಅವಳಿಗೆ ಒಗಟಾಯಿತು. ಕಾಂತರಾಜ ಹುಲಿ ಬರೆದರೆ ಬಸ್‌ಸ್ಟ್ಯಾಂಡಿನವರೆಗೂ ಗುರ್ ಅನ್ನಬೇಕು, ಅಂಥ ಕೈ ಅವನದು. ಆ ಕೈಗೆ ಈ ಮಂಜು ಎಲ್ಲಿಂದ ಬಂತು?

ಅಷ್ಟರಲ್ಲಿ ಕಾಮಸಮುದ್ರದ ಆಚೆಯ ಹಳ್ಳಿಯ ಯಜಮಾನ ಶ್ರೀರಾಮಪ್ಪ ಕಾಂತರಾಜನ ಕೈ ಹಿಡಿದು ಕುಲುಕುತ್ತಿದ್ದ. "ನಮ್ಮ ಮುತ್ಯಾಲಮ್ಮನ ಗುಡಿ ಮುಗೀತು ಕಣಪ್ಪಾ. ಅಳೇ ಅಮ್ಮಂಗೆ ಕಣ್ಣು ಬಿಡ್ಸಿದ್ದು ನೀನೇ, ಒಸಾ ಅಮ್ಮಂಗೂ ನೀನೇ ಬಿಡುಸ್ಬೇಕು. ಈ ವಾರ ಬುಟ್ಟು ಮುಂದಿನ್ ಮಂಗಳವಾರ. ಇಲ್ಲ ಅನ್ಬ್ಯಾಡ" ಎಂದು ಹೇಳಿ ಕಾಫಿಗೆ ಆಚೆ ಸರಿದ.

"ಬತ್ತೀನಿ ಯಜಮಾನ್ರೇ, ಅಮ್ಮ ಕರೆದ್ರೆ ಬರ್ದೆ ಇರ್ತೀನಾ" ಅಂದ ಕಾಂತರಾಜ. ಅವನು ನಕ್ಕದ್ದು ಶ್ರೀರಾಮಪ್ಪ ನಿಂತಿದ್ದ ಖಾಲಿ ಜಾಗಕ್ಕೆ.

ಉರಿಗಾಂಗೆ ವಾಪಸು ಬರುವ ರೈಲಿನಲ್ಲಿ ಇಂದ್ರಾಣಿ ಕೇಳಿದಳು. "ಕಣ್ಣು ಯಾಕೆ ಬಿಡ್ಸಿಲ್ಲ?"

"ಅದು ಅಂಗೇ ಚೆಂದ. ಟೀಚರಮ್ಮ ಅಂದಿದ್ದು ಕೇಳುಸ್ಲಿಲ್ವಾ?"

ಸ್ಟೇಷನ್ನಿನಲ್ಲಿ ಇಳಿಯುವಾಗ ಅವನು ಅವಳ ಭುಜ ಹಿಡಿದುಕೊಂಡ. ಕೆಲವು ತಿಂಗಳಿಂದ ಹೀಗೇ ಹಿಡಿದುಕೊಳ್ಳುತ್ತಿದ್ದ. ಈ ವಯಸ್ಸಿನಲ್ಲಿ ಗಂಡನಿಗೆ ಪ್ರೀತಿ ಉಕ್ಕಿದೆ ಅಂದುಕೊಂಡು ಅವಳು ಒಳಗೊಳಗೇ ಹಿಗ್ಗಿದ್ದಳು, ಪಕ್ಕದ ಮನೆಯ ಮಾರಿಯಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಈಗ ಆ ಭುಜ ಉರಿಯಿತು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಮಾರನೆಯ ಬೆಳಿಗ್ಗೆ ಅವನು ಮುಖ ತೊಳೆಯಲು ಹೋದಾಗ ಶೆಡ್ಡಿಗೆ ನುಗ್ಗಿದಳು. ಗಣಿ ಮುಚ್ಚಿದ ಮೇಲೆ ಪಾಳುಬಿದ್ದ ಮನೆಸಾಲಿನ ಕೊನೆಯ ಮನೆಯೇ ಅವನ ಶೆಡ್ಡು. ಬಣ್ಣದ ಡಬ್ಬಿಗಳೆಲ್ಲ ಸಾಲಾಗಿದ್ದವು. ಪ್ರತಿ ಡಬ್ಬಿಯ ಕೊರಳಿಗೂ ದಾರ ಕಟ್ಟಿತ್ತು. ಕೆಂಪಿಗೆ ಒಂದು ಗಂಟು, ಹಳದಿಗೆ ಎರಡು, ನೀಲಿಗೆ ಮೂರು. ಅವಳು ಗಂಟುಗಳನ್ನು ಬೆರಳಿಂದ ಸವರಿದಳು. ಅವನ ಬೆರಳು ಸವರಿ ಸವರಿ ಅವು ಎಣ್ಣೆಗಟ್ಟಿದ್ದವು.

ಹಿಂದೆ ಹೆಜ್ಜೆ ಸದ್ದಾಯಿತು. ಕಾಂತರಾಜ ಬಾಗಿಲಲ್ಲಿ ನಿಂತಿದ್ದ, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾನ್ ಉಟ್ಟಿರೋ ಸೀರೆ ಯಾವ ಬಣ್ಣ ಏಳು" ಅಂದಳು.

"ಬೆಳಿಗ್ಗೆ ಬೆಳಿಗ್ಗೆ ಏನೇ ಇದು ನಿಂದು?"

"ಏಳಯ್ಯಾ."

ಅವನು ಗೋಡೆ ಹಿಡಿದು ಬಂದು ಸ್ಟೂಲಿನ ಮೇಲೆ ಕೂತ. ಆಮೇಲೆ ಎಲ್ಲ ಹೊರಬಂತು. ಬ್ರಷ್ ತರಲು ಅಂತ ಹೇಳಿ ಹೋದ ವರ್ಷ ಬೆಂಗಳೂರಿಗೆ ಹೋದವನು ಕಣ್ಣಾಸ್ಪತ್ರೆಗೆ ಹೋಗಿದ್ದನಂತೆ. ಕಣ್ಣಿನ ನರ ಬಾಡಿದೆ, ಹೋಗಿರುವ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಬಿಡಬೇಕು ಅಂದರಂತೆ. ಸುತ್ತಲಿನದು ಹೋಗಿದೆ, ನಡುವೆ ಒಂದಿಷ್ಟು ಕಾಣುತ್ತದೆ, ಅದೂ ಹಾಲು ಬೆರೆಸಿದ ಹಾಗೆ.

"ಅವ್ರೆಲ್ಲಾ ಕನಸು ಕನಸು ಅಂತಾ ಅವ್ರೆ. ನಾನ್ಯಾವ ಕನಸು ಬರುದ್ನೇ? ನಂಗೆ ಕಾಣೋದೇ ಅಂಗೆ. ಕಂಡಂಗೆ ಬರ್ದೆ, ಅಷ್ಟೇಯ. ಕಣ್ಣು ಬಿಡ್ಸಾಕ್ ಓದ್ರೆ ಬ್ರಷ್ ತುದಿನೇ ಕಾಣಾಕಿಲ್ಲ."

ಇಂದ್ರಾಣಿ ಅಲ್ಲೇ ಕುಸಿದು ಕೂತು ಅತ್ತಳು. ಅಳುವಿನ ಜೊತೆಗೇ ಬೈದಳು. ಒಂದು ವರ್ಷ ಬಾಯಿ ಹೊಲಿದುಕೊಂಡಿದ್ದೆಯಲ್ಲಯ್ಯಾ, ನಾನೇನು ಸತ್ತಿದ್ದೆನಾ ಅಂದಳು.

"ಶ್ರೀರಾಮಪ್ಪಂಗೆ ಆಗಲ್ಲ ಅಂತ ಏಳ್ಬುಡು" ಅಂದಳು ಕೊನೆಗೆ.

"ಯಾಕೆ ಅಂತ ಕೇಳ್ತಾರೆ. ಕಣ್ಣು ಓಯ್ತು ಅಂದ್ರೆ ಏನಂತಾರೆ ಗೊತ್ತಾ? ಅಮ್ಮನೇ ತಕ್ಕೊಂಡ್ಳು, ಇವ್ನು ಎಲ್ಲೋ ತಪ್ಪು ಮಾಡವ್ನೆ ಅಂತಾರೆ. ಆಮೇಲೆ ನಾನು ಕಣ್ಣು ಬಿಡ್ಸಿರೋ ಎಲ್ಲಾ ಊರ್ನಾಗೂ ಅಮ್ಮನ ಮುಖಕ್ಕೆ ಟಾರ್ಚ್ ಬಿಟ್ಟು ನೋಡ್ತಾರೆ, ಎಲ್ಲಿ ವಕ್ರ ಐತೆ ಅಂತ. ನಾನು ಕೆಟ್ರೆ ಕೆಡ್ಲಿ. ನನ್ ಅಮ್ಮಂದಿರು ಕೆಡ್ಬಾರ್ದು ಇಂದ್ರಾ. ಇದೊಂದು ಮಾಡಿ ನಿಲ್ಲುಸ್ಬಿಡ್ತೀನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜನ ಹಾಗೇ ಅನ್ನುತ್ತಾರೆ. ಇಂದ್ರಾಣಿಯೂ ಬೇರೆಯವರ ವಿಷಯದಲ್ಲಾಗಿದ್ದರೆ ಹಾಗೇ ಅನ್ನುತ್ತಿದ್ದಳು.

ಬರೆದು ಕೈ ರೂಢಿ ಮಾಡಿಕೊಳ್ಳುತ್ತೇನೆ ಅಂತ ಅವನು ಸಂತೆಯಿಂದ ಮಡಕೆ ತರಿಸಿದ. ಮಡಕೆಯ ಹೊಟ್ಟೆಗೆ ಹಸಿ ಸಿಮೆಂಟಿನಲ್ಲಿ ಕಣ್ಣಿನ ಅಂಚು ಕಟ್ಟಿ ಒಣಗಿಸಿದ. ಎಡಗೈ ಹೆಬ್ಬೆರಳಿಂದ ಅಂಚು ತಡವಿ, ನಡು ಹಿಡಿದು, ಬಲಗೈಯಿಂದ ಪಾಪೆ ಇಡುವುದು. ಇಂದ್ರಾಣಿ ಕನ್ನಡಿ ಹಿಡಿದಳು. ಮೊದಲನೆಯದು ಅಚ್ಚುಕಟ್ಟಾಗಿ ನಡುವೆ ಕೂತಿತು. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಎರಡನೆಯದು ಮೂಗಿನ ಕಡೆ ಜಾರಿತು. ಮುಂದಿನದು ಸರಿ, ಅದರ ಮುಂದಿನದು ಅಂಚು ದಾಟಿ ಕೆನ್ನೆಗೆ ಇಳಿದು ಕಪ್ಪು ಕಣ್ಣೀರಿನ ಹಾಗೆ ಸುರಿಯಿತು.

"ಎಂಗೈತೆ?" ಅಂತ ಪ್ರತಿ ಸಲ ಕೇಳುತ್ತಿದ್ದ.

"ನೆಟ್ಟಗೈತೆ" ಅನ್ನುತ್ತಿದ್ದಳು.

ಯಾಕೆ ಹಾಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ. ಅವನ ಮುಖ ಅಷ್ಟು ಅರಳುತ್ತಿತ್ತು. ಸಿಮೆಂಟು ಮೆತ್ತಿದ ಕೈಯಲ್ಲೇ ಬೀಡಿ ಹಚ್ಚಿ, "ಕೈಗೆ ಕಣ್ಣೈತೆ ಕಣೇ, ಡಾಕ್ಟ್ರಿಗೇನು ಗೊತ್ತು" ಅನ್ನುತ್ತಿದ್ದ. ಅಂಥವನ ಮುಖಕ್ಕೆ ಇಲ್ಲ ಅನ್ನಲು ಕಲ್ಲೆದೆ ಬೇಕು. ವಕ್ರವಾದ ಮಡಕೆಗಳನ್ನು ಅವಳು ಒಂದೊಂದಾಗಿ ಎತ್ತಿಕೊಂಡು ಹೋಗಿ ದಿಬ್ಬದ ಕಡೆಯ ಚರಂಡಿಯಲ್ಲಿ ಒಡೆದು ಹಾಕಿದಳು.

ಆ ಮಂಗಳವಾರ ಬೆಳಿಗ್ಗೆ ಬಸ್ಸಿಳಿದಾಗ ಹಳ್ಳಿಯ ಜನ ಗುಡಿಯ ಮುಂದೆ ಸೇರಿದ್ದರು. ಹೊಸ ಮುತ್ಯಾಲಮ್ಮ ಎದೆಯೆತ್ತರದ ಗಾರೆಯ ಮೂರ್ತಿ. ಅರಿಸಿನ ಬಣ್ಣದ ಮುಖ, ಕೆಂಪು ಸೀರೆ, ಕಣ್ಣಿನ ಜಾಗದಲ್ಲಿ ಎರಡು ಬಿಳಿ ಗುಳಿ. ಹಸು-ಕರುವನ್ನು ಆಗಲೇ ತಂದು ನಿಲ್ಲಿಸಿದ್ದರು. ಕರು ಹಗ್ಗ ಜಗ್ಗುತ್ತಿತ್ತು. ಹುಡುಗಿಯರು ಹೊಸ ಲಂಗದ ಸದ್ದು ಮಾಡುತ್ತ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಶ್ರೀರಾಮಪ್ಪ ಕಾಂತರಾಜನ ತಲೆಗೆ ಪೇಟ ಸುತ್ತಿದ. ಇಂದ್ರಾಣಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಪರದೆ ಎಳೆದರು. ಹೊರಗೆ ತಮಟೆ ಶುರುವಾಯಿತು. ಒಳಗೆ ಇಬ್ಬರೇ, ಮೂರ್ತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೂವರು. ಇಂದ್ರಾಣಿ ಕನ್ನಡಿ ಎತ್ತಿ ಹಿಡಿದಳು. ಕಾಂತರಾಜ ಪಕ್ಕಕ್ಕೆ ನಿಂತು ಎಡ ಹೆಬ್ಬೆರಳಿಂದ ಬಲಗಣ್ಣಿನ ಅಂಚು ಹುಡುಕಿದ. ಮೆಲ್ಲಗೆ ಉಸಿರು ಬಿಡುತ್ತ ಬ್ರಷ್ಷು ಇಟ್ಟ. ಬ್ರಷ್ಷು ಒಂದು ಸುತ್ತು ತಿರುಗಿತು.

ಪಾಪೆ ಬಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಗಾರೆಯ ಮುಖದಲ್ಲಿ ಥಟ್ಟನೆ ಯಾರೋ ಬಂದು ನಿಂತ ಹಾಗಾಯಿತು. ಕನ್ನಡಿಯೊಳಗಿಂದ ಒಂದು ಕಣ್ಣು ಇಂದ್ರಾಣಿಯನ್ನು ನೋಡಿತು. ಅವಳ ಕೈ ಬೆವರಿತು. ಇಷ್ಟು ವರ್ಷ ನೋಡಿದ್ದರೂ ಪ್ರತಿ ಸಲ ಹೀಗೇ ಆಗುತ್ತಿತ್ತು.

ಕಾಂತರಾಜ ಎಡಗಣ್ಣಿಗೆ ಕೈ ಚಾಚಿದ. ಹೆಬ್ಬೆರಳು ಅಂಚು ಮುಟ್ಟಿತು. ಬ್ರಷ್ಷು ಹತ್ತಿರ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು. ತುದಿ ಮೂಗಿನ ಕಡೆಗಿತ್ತು. ಅವನು ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟ.

"ಇಂದ್ರಾ" ಅಂದ.

ಪರದೆಯೊಳಗೆ ಅವನು ಮಾತಾಡಿದ್ದು ಅದೇ ಮೊದಲು. ಅವಳು ಬೆಚ್ಚಿದಳು.

"ಮಡಕೆ ಎಲ್ಲಾ ನೆಟ್ಟಗಿದ್ವಾ?"

ಹೂಂ ಅನ್ನಬಹುದಿತ್ತು. ಇಷ್ಟು ದಿನ ಅಂದದ್ದನ್ನೇ ಇನ್ನೊಂದು ಸಲ ಅನ್ನುವುದಕ್ಕೆ ಏನು ಖರ್ಚು? ಆದರೆ ಕನ್ನಡಿಯೊಳಗಿನ ಆ ಒಂದು ಕಣ್ಣು ಅವಳನ್ನು ಬಿಡಲಿಲ್ಲ. ಅದನ್ನು ಬರೆದವನು ಪಕ್ಕದಲ್ಲೇ ಬೆವರುತ್ತ ನಿಂತಿದ್ದ.

"ಇಲ್ಲ" ಅಂದಳು.

"ಎಷ್ಟು ಕೆಟ್ಟಿದ್ವು?"

"ಅರ್ಧಕ್ಕರ್ಧ."

ಅವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಬೈಯಲಿ, ಹೊಡೆಯಲಿ ಅಂದುಕೊಂಡಳು. ಅವನು ಬ್ರಷ್ಷನ್ನು ತಿರುಗಿಸಿ ಹಿಡಿಯನ್ನು ಅವಳ ಕಡೆ ಚಾಚಿದ. ಇನ್ನೊಂದು ಕೈಯಿಂದ ತಡವಿ ಅವಳ ಕೈಯ ಕನ್ನಡಿ ತೆಗೆದುಕೊಂಡ.

"ನನ್ನಿಂದ ಆಗಲ್ಲ ಕಣಯ್ಯಾ" ಅಂತ ಪಿಸುಗುಟ್ಟಿದಳು.

"ಒಂದು ಕಣ್ಣಲ್ಲಿ ಬಿಟ್ಟೋಗಾಕೆ ಆಗ್ತೈತಾ ಅಮ್ಮನ್ನ? ಉಸುರು ಬಿಡ್ತಾ ಇಡು. ಉಸುರು ಬಿಗಿ ಇಡ್ಕೊಂಡ್ರೆ ಕೈ ನಡುಗ್ತೈತೆ."

ಅವಳು ಉಸಿರು ಬಿಡುತ್ತ ಇಟ್ಟಳು. ಪಾಪೆ ನಡುವೆಯೇ ಕೂತಿತು, ಒಂದು ಚೂರು ಮೇಲಕ್ಕೆ. ಅದರಿಂದ ದೇವಿ ಏನನ್ನೋ ಕಿವಿಗೊಟ್ಟು ಕೇಳುತ್ತಿರುವ ಹಾಗೆ ಕಂಡಳು. ಕೆಟ್ಟದಾಗಿರಲಿಲ್ಲ. ಕಾಂತರಾಜ ಕನ್ನಡಿಯನ್ನು ಮೂರ್ತಿಗೆ ಸರಿಯಾಗಿ ತೋರಿಸಲು ಹೆಣಗುತ್ತಿದ್ದ. ಅವಳೇ ಅವನ ಮೊಣಕೈ ತಿದ್ದಿ ನಿಲ್ಲಿಸಿದಳು.

ಪರದೆ ಸರಿಯಿತು. ಕುಂಬಳಕಾಯಿ ಒಡೆಯಿತು. ಜನ ಅಮ್ಮಾ ಎಂದು ಕೂಗಿ ನೆಲಕ್ಕೆ ಬಿದ್ದರು. ಕರು ಮಾತ್ರ ಬೀಳಲೂ ಇಲ್ಲ, ಬಗ್ಗಲೂ ಇಲ್ಲ, ಸುಮ್ಮನೆ ಕಣ್ಣರಳಿಸಿ ನೋಡುತ್ತ ನಿಂತಿತು. ಎಲ್ಲ ಸರಿಹೋಯಿತಲ್ಲ ಅಂತ ಇಂದ್ರಾಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

ಶ್ರೀರಾಮಪ್ಪ ಎದ್ದು ಬಂದು ಮೂರ್ತಿಯ ಮುಖ ನೋಡಿ ಕಣ್ಣೊರೆಸಿಕೊಂಡ. "ಎಡಗಣ್ಣು ನೋಡ್ರಪ್ಪಾ, ನಮ್ ಕಷ್ಟ ಕೇಳಿಸ್ಕೊಳ್ತಾ ಇರೋ ಅಂಗೈತೆ! ಕಾಂತರಾಜನ ಕೈ ಅಂದ್ರೆ ಕೈ. ಇಂಥಾ ಕಣ್ಣು ನೀನು ಯಾವತ್ತೂ ಬರ್ದಿರ್ಲಿಲ್ಲ ಬಿಡಪ್ಪಾ."

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಕಾಂತರಾಜ ಬೇರೆಲ್ಲದರಲ್ಲೂ ಸುಳ್ಳು ಹೇಳಿಯಾನು, ಇನ್ನೊಬ್ಬರ ಗೆರೆಯನ್ನು ತನ್ನದೆಂದು ಹೇಳುವವನಲ್ಲ. ಬೋರ್ಡು ಬರೆಯುವ ಕಾಲದಲ್ಲೂ ಅದಕ್ಕಾಗಿ ಜಗಳವಾಡಿದವನು.

"ಆ ಕಣ್ಣು ನಂದಲ್ಲ ಯಜಮಾನ್ರೇ, ನನ್ ಎಂಡ್ತಿದು" ಅಂದ. "ನಂಗೆ ಕಣ್ಣು ಕಾಣಾಕಿಲ್ಲ."

ತಮಟೆ ನಿಂತಿತು. ಶ್ರೀರಾಮಪ್ಪ ಅವನ ಮುಖದ ಮುಂದೆ ಕೈಯಾಡಿಸಿ ನೋಡಿದ. ಹಿಂದಿನಿಂದ ಒಂದು ಮುದುಕಿಯ ದನಿ ಬಂತು. "ಅಮ್ಮನೇ ತಕ್ಕೊಂಡವ್ಳೆ ಕಣ್ರೋ. ಎಲ್ಲೋ ತಪ್ಪಾಗೈತೆ." ತಾಯಂದಿರು ಹುಡುಗಿಯರನ್ನು ಹಿಂದಕ್ಕೆ ಎಳೆದುಕೊಂಡರು. ಯಾರೂ ಬೈಯಲಿಲ್ಲ. ಶ್ರೀರಾಮಪ್ಪನೇ ಬಸ್ಸಿನವರೆಗೆ ಬಂದು ಕೂರಿಸಿದ, "ಶಾಸ್ತ್ರ ಕೇಳ್ಬೇಕಾಗ್ತೈತೆ, ತಪ್ಪು ತಿಳ್ಕೋಬ್ಯಾಡ" ಅಂದ. ಊಟಕ್ಕೆ ಮಾತ್ರ ಯಾರೂ ಕರೆಯಲಿಲ್ಲ. ಸುತ್ತಿದ್ದ ಪೇಟವನ್ನು ಕಾಂತರಾಜ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದ.

ಆ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರಿತು. ಅವನು ಅಂದ ಹಾಗೇ ಆಯಿತು. ಒಂದು ಹಳ್ಳಿಯಲ್ಲಿ ನಮ್ಮ ಅಮ್ಮನ ನೋಟ ಮೊದಲಿಂದಲೂ ವಾರೆ ಅಂದರು, ಇನ್ನೊಂದು ಹಳ್ಳಿಯವರು ಮೂರ್ತಿಗೆ ಬಟ್ಟೆ ಮುಚ್ಚಿ ಬೇರೆ ಪೇಂಟರನ್ನು ಹುಡುಕಿದರು. ಇಷ್ಟು ವರ್ಷ ಕೈ ಮುಗಿದ ಕಣ್ಣುಗಳಲ್ಲಿ ಈಗ ಎಲ್ಲರಿಗೂ ಐಬು. ಕಾಂತರಾಜ ಒಂದೊಂದು ಸುದ್ದಿ ಬಂದಾಗಲೂ ಆ ಊರಿನ ಹೆಸರು ಕೇಳಿಕೊಂಡು ಸುಮ್ಮನೆ ಗೋಡೆಗೆ ಒರಗುತ್ತಿದ್ದ. ಶೆಡ್ಡಿನ ಬೀಗ ತೆಗೆಯಲಿಲ್ಲ. ಡ್ರಾಪ್ಸನ್ನು ಇಂದ್ರಾಣಿಯೇ ಗದರಿಸಿ ಬಿಡುತ್ತಿದ್ದಳು. ಆ ಒಂದು ಮಾತು ಅವನ ಬಾಯಿಂದ ಯಾಕಾದರೂ ಬಂತೋ ಅಂತ ಅವಳು ದಿನಾ ಶಪಿಸುತ್ತಿದ್ದಳು. ಅಷ್ಟೇ ಸಲ, ಆಡದೇ ಇದ್ದಿದ್ದರೆ ಅವನು ಕಾಂತರಾಜ ಹೇಗಾಗುತ್ತಿದ್ದ ಅಂತಲೂ ಅನ್ನಿಸುತ್ತಿತ್ತು.

ಕೊನೆಗೆ ಬಂಗಾರಪೇಟೆಯಿಂದ ಲಗೇಜ್ ಆಟೋದಲ್ಲಿ ಆ ಚಿತ್ರವೂ ಬಂತು, ಅದೇ ಬೆಡ್‌ಶೀಟ್ ಹೊದ್ದುಕೊಂಡು. ಮದುವೆ ನಡೆಯುವ ಮನೆಯಲ್ಲಿ ಕಣ್ಣಿಲ್ಲದವನು ಬರೆದದ್ದು ಇರಬಾರದು ಅಂತ ಯಾರೋ ಬೀಗರು ತಗಾದೆ ತೆಗೆದರಂತೆ. ಆಟೋದ ಜೊತೆ ಅರುಣಕುಮಾರಿಯೂ ಬಂದಿದ್ದರು.

"ಅವರು ಇದನ್ನು ಗೋದಾಮಿಗೆ ಹಾಕೋಕೆ ಹೊರಟಿದ್ದರು. ನಾನೇ ಜಗಳ ಆಡಿ ತಂದೆ" ಅಂದರು. "ನಮ್ಮ ಕಾಲೇಜಿನಲ್ಲಿ ಹಾಕ್ತೀನಿ, ನೀವು ಒಪ್ಪಿದರೆ. ಅವತ್ತು ನಾನು ಏನೇನೋ ಹೇಳಿಬಿಟ್ಟೆ. ಆದರೆ ವಿಷಯ ಗೊತ್ತಾದ ಮೇಲೂ ನನಗೆ ಇದು ಅಷ್ಟೇ ಇಷ್ಟ. ಇದಕ್ಕೆ ಮಾತ್ರ ಏನೂ ಸೇರಿಸಬೇಡಿ. ಹೀಗೇ ಇರಲಿ."

ಇಂದ್ರಾಣಿ ಉತ್ತರಕ್ಕಾಗಿ ಗಂಡನ ಕಡೆ ನೋಡಿದಳು. ಅವನು ನಾಳೆ ಹೇಳುತ್ತೇನೆ ಅಂದ. ಅರುಣಕುಮಾರಿ ರೈಲಿಗೆ ಹೋದರು.

ಚಿತ್ರವನ್ನು ಅಂಗಳದ ಗೋಡೆಗೆ ಆನಿಸಿದ್ದರು. ಸಂಜೆ ಬಿಸಿಲಿಗೆ ದಿಬ್ಬಗಳು ಗೋಧಿ ಬಣ್ಣದಿಂದ ಗುಲಾಬಿಗೆ ತಿರುಗುತ್ತಿದ್ದವು, ಚಿತ್ರದ ಬಯಲೂ ಅದರೊಳಗೆ ಸೇರಿಹೋದ ಹಾಗಿತ್ತು. ಕಾಂತರಾಜ ಅದರ ಮುಂದೆ ಬಹಳ ಹೊತ್ತು ಕುಕ್ಕುರುಗಾಲಲ್ಲಿ ಕೂತಿದ್ದ. ಹಸುವಿನ ಬೆನ್ನು ತಡವಿದ, ಹುಡುಗಿಯ ಮುಖ ತಡವಿದ. ಬೆರಳು ಕರುವಿನ ಮುಖದ ಮೇಲೆ ನಿಂತಿತು.

"ಇಂದ್ರಾ, ಕರೀದು ತಕ್ಕೊಂಬಾ. ಸಣ್ಣ ಬ್ರಷ್ಷು."

"ಏನೂ ಸೇರಿಸ್ಬ್ಯಾಡಿ ಅಂದ್ರಲ್ಲ ಆಯಮ್ಮ?"

"ಉಳಿದೋರು ಅಂಗೇ ಇರ್ಲಿ. ಇದೊಂದಕ್ಕೆ ಬಿಡ್ಸು. ಅಮ್ಮನ್ನ ಎದುರಿಗೇ ನೋಡೋದು ಇದೊಂದೇಯ. ಇದನ್ನ ಕಣ್ಣಿಲ್ದೆ ಆಚೆ ಕಳ್ಸಾಕೆ ನನ್ ಕೈಲಾಗಲ್ಲ."

ಅವಳು ಶೆಡ್ಡಿನ ಬೀಗ ತೆಗೆದಳು. ದಾರದ ಗಂಟು ಸವರಿ ಕಪ್ಪಿನ ಡಬ್ಬಿ ಹುಡುಕಿದಳು, ಕಣ್ಣು ಕಾಣುತ್ತಿದ್ದರೂ. ಬ್ರಷ್ಷಿನ ಜೊತೆ ಅಭ್ಯಾಸ ಬಲದಿಂದ ಕನ್ನಡಿಯನ್ನೂ ತಂದು ಅವನ ಕೈಗಿಟ್ಟಳು.

ಅವನು ಕನ್ನಡಿಯನ್ನು ನೆಲಕ್ಕೆ ಕವುಚಿ ಹಾಕಿದ. ಎದ್ದು ಬಂದು ಕರುವಿನ ನೇರಕ್ಕೆ, ಎಲ್ಲರೂ ಹೆದರಿ ಖಾಲಿ ಬಿಡುವ ಆ ಜಾಗದಲ್ಲಿ ನಿಂತ.

"ಅಯ್ಯೋ, ಮೊದಲ ನೋಟ ಕಣಯ್ಯಾ. ಸರ್ಕೋ" ಅಂದಳು.

"ಬೀಳ್ಲಿ ಬುಡು. ಇನ್ನೇನ್ ತಕ್ಕೊಳ್ತೈತೆ ನನ್ನತ್ರ?"

ಅವಳು ಬ್ರಷ್ಷು ಅದ್ದಿಕೊಂಡಳು. ಉಸಿರು ಬಿಡುತ್ತ ಒಂದು ಕಣ್ಣಿಟ್ಟಳು, ಇನ್ನೊಂದು ಉಸಿರಿಗೆ ಇನ್ನೊಂದು. ಆ ಮಂಜಿನ ನಡುವೆ, ಕಣ್ಣಿಲ್ಲದ ಅಷ್ಟು ಮುಖಗಳ ಮುಂದೆ, ಕರು ಒಂದೇ ಎಚ್ಚರವಾಯಿತು.

ಕಾಂತರಾಜ ಮುಖ ಮುಂದೆ ಚಾಚಿ ನಿಂತೇ ಇದ್ದ, ಎಲ್ಲಿ ನೋಡಬೇಕೋ ತಿಳಿಯದೆ ತಲೆಯನ್ನು ಅತ್ತಿತ್ತ ಆಡಿಸುತ್ತ.

"ನೋಡ್ತಾ ಐತಾ?" ಅಂದ.

"ಊಂ."

"ಯಾರನ್ನ?"

"ನಿನ್ನೇ" ಅಂದಳು. ಆ ಸಲ ಅವಳು ಸುಳ್ಳು ಹೇಳಲಿಲ್ಲ.